ಗಂಟಲಲ್ಲಿ ಎರಡು ಕಿಡಿ

ಒಬ್ಬ ಮುದುಕಿ ಇದ್ದಳಂತೆ, ಅವಳ ಹೊಟ್ಟೆ ತುಂಬ ಕಥೆಗಳಂತೆ, ಒಂದು ದಿನ ಅವಳಿಗೆ ಸೂಜಿ ಚುಚ್ಚಿ ಒಂದು ಗಂಟೆ ಬಾಯಿ ಬಿಡಬೇಡ ಅಂದರಂತೆ — ಗಾಜಿನ ಈಚೆ ಕೂತ ಮೊಮ್ಮಗಳಿಗೆ ನಗು ಬರುತ್ತದೆ, ಸ್ಕ್ಯಾನಿಂಗ್ ಕೋಣೆಯಲ್ಲಿ ನಾಲ್ಕು ವರ್ಷದಿಂದ ಎಷ್ಟೋ ಜನರ ಒಳಗನ್ನು ಕಂಡವಳು, ಇವತ್ತು ಯಂತ್ರದಿಂದ ಹೊರಚಾಚಿರುವುದು ಅಜ್ಜಿಯ ಪಾದ, ಹಿಮ್ಮಡಿಯ ಅದೇ ಬಿರುಕು, ನೀನೇ ನೋಡಿ ನೀನೇ ಹೇಳ್ಬೇಕು ಕಣೇ, ಡಾಕ್ಟರು ಗಂಟಲು ಸರಿಮಾಡ್ಕೊಳ್ಳೋಷ್ಟರಲ್ಲೇ ನನ್ನ ಜೀವ ಹೋಗಿರುತ್ತೆ ಅಂದಿದ್ದಳು, ಹ್ಞೂಂ ಅಜ್ಜಿ, ಮಾತು ಕೊಟ್ಟಾಗಿದೆ, ಮೂರು ತಿಂಗಳು ದಿನಕ್ಕೊಂದು ಮಾತ್ರೆ, ಕ್ಯಾನ್ಸರ್ ಗೆಡ್ಡೆಯನ್ನೇ ಹುಡುಕಿಕೊಂಡು ಹೋಗುವ ಮಾತ್ರೆ, ಅದು ಹಿಡಿಯದಿದ್ದರೆ ಮುಂದೆ ದಾರಿಯಿಲ್ಲ, ಸೂಜಿಯಲ್ಲಿ ರಕ್ತಕ್ಕೆ ಬಿಟ್ಟ ಸಕ್ಕರೆಯನ್ನು ಒಳಗೆ ಹಸಿದದ್ದು ತಿನ್ನುತ್ತದೆ, ತಿಂದದ್ದು ಪರದೆಯಲ್ಲಿ ಹೊಳೆಯುತ್ತದೆ, ಕಳೆದ ಸಲ ಎಡ ಶ್ವಾಸಕೋಶದಲ್ಲಿ ನಿಂಬೆಯಷ್ಟು ಬೆಂಕಿ, ಪಕ್ಕೆಲುಬಿನುದ್ದಕ್ಕೂ ಚೆಲ್ಲಿದ ಕೆಂಡ, ಈಗ ಪರದೆಯ ಮೇಲೆ ತೊಡೆಯಿಂದ ಮೇಲಕ್ಕೆ ಗೆರೆಗೆರೆಯಾಗಿ ಅಜ್ಜಿ ಮೂಡುತ್ತಿದ್ದಾಳೆ, ಪಕ್ಕೆಲುಬು ಕತ್ತಲು, ಎದೆ — ಕತ್ತಲು, ನಿಂಬೆ ಎಲ್ಲಿ ಹೋಯಿತು, ಯಾರು ಊದಿದರು, ಕಣ್ಣು ತುಂಬಿ ಬರುವಷ್ಟರಲ್ಲಿ ಗಂಟಲಲ್ಲಿ ಅವೇನು, ಹಿಂದೆ ಇರಲಿಲ್ಲವಲ್ಲ, ಎರಡು ಕಿಡಿ, ಗೆಡ್ಡೆ ಗಂಟಲಿಗೆ ಏರಿತೇ, ಬೆನ್ನ ಹಿಂದೆ ಡಾಕ್ಟರು ಕನ್ನಡಕ ಹಣೆಗೇರಿಸಿ, ಎರಡೂ ಕಡೆ ಸಮವಾಗಿದೆಯಲ್ಲಮ್ಮಾ, ಸೂಜಿ ಆದ್ಮೇಲೆ ಅಜ್ಜಿ ಮಾತಾಡಿದ್ರಾ, ಬಾಗಿಲಲ್ಲಿ ನರ್ಸಕ್ಕ ಹಣೆ ಚಚ್ಚಿಕೊಳ್ಳುತ್ತಾಳೆ, ಮಾತಾ, ಪಕ್ಕದ ಕುರ್ಚಿಯವರು ಹೆದರಿ ಅಳ್ತಿದ್ರು ಸಾರ್, ಇವರು ಕಥೆ ಶುರುಮಾಡಿ ಏಳು ಕಡಲು ದಾಟಿಸಿಬಿಟ್ರು, ಸುಮ್ನಿರಿ ಅಂದ್ರೆ, ರಾಜಕುಮಾರಿನ ನಡುನೀರಲ್ಲಿ ಬಿಟ್ಟು ಹೆಂಗೆ ಸುಮ್ನಿರ್ಲಿ ಅಂತ ನನ್ನೇ ಬೈತಾರೆ, ಡಾಕ್ಟರು ನಗುತ್ತಾರೆ, ಮಾತಾಡಿ ದುಡಿದ ಗಂಟಲ ಸ್ನಾಯು ಸಕ್ಕರೆ ತಿಂದಿದೆ, ಅಷ್ಟೇ, ಎದೆ ನೋಡು, ಮಾತ್ರೆ ಹಿಡಿದಿದೆ — ಹಿಡಿದಿದೆ, ಹಾಗಾದರೆ ಆ ಕಿಡಿ ಕಥೆಯೇ, ತೊಡೆಯ ಮೇಲೆ ತಲೆಯಿಟ್ಟು ಕೇಳಿದ ಅಷ್ಟೂ ಕಾಡು, ಅಷ್ಟೂ ರಾಕ್ಷಸರು ಬಂದ ಜಾಗ ಇದೇನಾ, ಕಥೆ ಹೇಳಿದರೆ ಮನುಷ್ಯರೊಳಗೆ ಹೀಗೆ ಬೆಳಕು ಹತ್ತುತ್ತದೆ ಅಂತ ಯಾರಾದರೂ ಹೇಳಿದ್ದರೆ ಅವಳು ನಂಬುತ್ತಿದ್ದಳೇ, ನೋಡುತ್ತಿದ್ದಾಳೆ, ರೆಪ್ಪೆ ಹಾಕಲು ಮನಸ್ಸಿಲ್ಲ — ಅಜ್ಜಿ ಮಲಗಿದ ಮೇಜು ಯಂತ್ರದಿಂದ ಹೊರಗೆ ಸರಿದಿದೆ, ಅವಳು ಒಳಗೆ ಓಡಿದ್ದಾಳೆ, ಅಜ್ಜಿ ಈಗ ತುಟಿ ಬಿಗಿಹಿಡಿದು ಕಣ್ಣಲ್ಲೇ ಕೇಳುತ್ತಾಳೆ, ಹೇಗೆ ಹೇಳುವುದು, ಬೆಳಕು ಆರಿತು ಅನ್ನಲು ನಾಲಿಗೆ ಏಳುವುದಿಲ್ಲ, ಅದು ಸತ್ತವರ ಮನೆಯ ಮಾತು, ಅಜ್ಜೀ, ಒಳಗೆಲ್ಲ ಕತ್ತಲು, ಒಳ್ಳೇ ಕತ್ತಲು, ಗೆಡ್ಡೆ ಹೊಳೀತಾನೇ ಇಲ್ಲ — ಹೇಳಿಯಾಯಿತು, ಅಜ್ಜಿಯ ಗಂಟಲು ಒಮ್ಮೆ ಏರಿ ಇಳಿಯುತ್ತದೆ, ಆ ಸುಕ್ಕು ಚರ್ಮದ ಹಿಂದೆ, ಎರಡು ಕಿಡಿ