ಅವಳ ಪಾಲಿನ ಸೂಪು

ಅಡುಗೆಯವನ ಕೈ ಫ್ಲಾಸ್ಕಿನ ಮುಚ್ಚಳವನ್ನು ಸದ್ದಾಗದಂತೆ ತಿರುಗಿಸಿತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಜೀವಮಾನವಿಡೀ ಹಂಡೆಗಟ್ಟಲೆ ಬೇಯಿಸಿದ ಕೈ ಅದು. ಆಸ್ಪತ್ರೆಯ ಕಾರಿಡಾರಿನಲ್ಲಿ ನರ್ಸಿನ ಹೆಜ್ಜೆಯ ಸದ್ದು ದೂರವಾಗುವವರೆಗೆ ಕಾದು, ಮಂಚದ ಪಕ್ಕಕ್ಕೆ ಸ್ಟೂಲು ಎಳೆದುಕೊಂಡ.

ಮಂಚದ ಮೇಲೆ ಹೆಂಡತಿ. ಪಾರ್ಶ್ವವಾಯು ಹೊಡೆದಾಗಿನಿಂದ ಕಣ್ಣು ಬಿಟ್ಟಿಲ್ಲ. ಮೂಗಿನ ನಳಿಕೆಯಿಂದ ಹಾಕುತ್ತಿದ್ದ ಆಹಾರ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯತೊಡಗಿದಾಗ, ಇನ್ನು ಅದು ಹಿಂಸೆಯೇ ಹೊರತು ಊಟವಲ್ಲ ಎಂದಿದ್ದರು ಡಾಕ್ಟರು. ಇವನು ಒಪ್ಪಿ ತಲೆಯಾಡಿಸಿದ್ದ. ನಳಿಕೆ ತೆಗೆದರು. ತಲೆಯಾಡಿಸಿದವನು ತಾನೇ ಎಂಬುದು ಆಮೇಲೆ ಅವನಿಗೆ ನುಂಗಲಾರದ ತುತ್ತಾಯಿತು.

ಆ ಸಂಜೆಯೇ ಅವಳ ಅಕ್ಕ ಫೋನು ಮಾಡಿದ್ದಳು. "ಊರಿಗೆಲ್ಲ ಬಡಿಸಿದೋರು ನೀವು. ಕಟ್ಕೊಂಡೋಳನ್ನ ಹೊಟ್ಟೆಗಿಲ್ದೆ ಕಳಿಸ್ತಿದ್ದೀರಲ್ಲ!" ಎಂದು ಫೋನಿಟ್ಟವಳು ಮತ್ತೆ ಮಾಡಲಿಲ್ಲ. ಅವನಿಗಿದ್ದ ಬಂಧುಬಳಗವೆಂದರೆ ಆ ಅಕ್ಕನೊಬ್ಬಳೇ.

ಅಂದಿನಿಂದ ಅವನೂ ಊಟ ಬಿಟ್ಟ. ಊರಿಗೆಲ್ಲ ಬಡಿಸಿ ಎಷ್ಟು ಹೊತ್ತಿಗೆ ಮನೆಗೆ ಬಂದರೂ, ಕಾದು ಕೂತಿರುತ್ತಿದ್ದ ಹೆಂಡತಿಯ ಜೊತೆಗೇ ತಟ್ಟೆಗೆ ಕೈ ಹಾಕುವುದು ಅವನ ರೂಢಿ. "ಅಡುಗೆಯವನಿಗೆ ವಾಸನೇಲೇ ಹೊಟ್ಟೆ ತುಂಬುತ್ತೆ, ನೀನು ತಿಂದು ಮಲಗಬಾರದಾ?" ಎಂದರೆ, "ಹಾಗಾದ್ರೆ ನಾಳೆಯಿಂದ ನಿಮ್ಮ ಅಂಗಿ ಮೂಸ್ಕೊಂಡೇ ಮಲಗ್ತೀನಿ" ಎನ್ನುತ್ತಿದ್ದಳು. ಅವನು ಬೇಯಿಸುವಾಗ ರುಚಿ ನೋಡುವವನಲ್ಲ. ಮನೆಯಲ್ಲಿ ಮೊದಲ ತುತ್ತು ಅವಳದು, ಉಪ್ಪಿನ ತೀರ್ಪೂ ಅವಳದೇ.

ಈಗ ಬರೀ ನೀರು ಕುಡಿದು ಕೂತು, ತನ್ನ ಹೊಟ್ಟೆಯಿಂದ ಅವಳ ಹೊಟ್ಟೆಯನ್ನು ಅಳೆಯುತ್ತಿದ್ದ. ಮೊದಲು ಚುರುಗುಟ್ಟಿತು. ಆಮೇಲೆ ಕರುಳಿಗೆ ಬೆಂಕಿ ಬಿದ್ದಂತಾಯಿತು. ಇವಳಿಗೂ ಹೀಗೇ ಆಗುತ್ತಿದೆ, ಬಾಯಿಬಿಟ್ಟು ಹೇಳಲಾರಳು ಅಷ್ಟೇ ಎಂದುಕೊಂಡ. ತಡೆಯಲಾಗದೆ ಮನೆಗೆ ಹೋಗಿ ತರಕಾರಿ ಸೂಪು ಮಾಡಿ, ಸೋಸಿ ಸೋಸಿ ತಂದಿದ್ದ.

"ಒಂದೇ ಒಂದು ಚಮಚ ಕಣೇ," ಎಂದು ತುಟಿಯ ಸಂದಿಗೆ ಇಳಿಸಿದ.

ಅದುವರೆಗೆ ಸಮನಾಗಿದ್ದ ಉಸಿರು ತಟ್ಟನೆ ಕೆಟ್ಟಿತು. ಗಂಟಲು ಗೊರಗೊರ ಎಂದಿತು, ಮುಖ ಕಪ್ಪಿಟ್ಟಿತು, ಹುಬ್ಬು ಗಂಟಿಕ್ಕಿತು. "ಸಿಸ್ಟರ್!" ಎಂದು ಕೂಗಿದ. ನರ್ಸ್ ಓಡಿ ಬಂದು, ಅವಳನ್ನು ಮಗ್ಗುಲಿಗೆ ಹೊರಳಿಸಿ, ಗಂಟಲಿನಲ್ಲಿದ್ದುದನ್ನು ಯಂತ್ರದಿಂದ ಎಳೆದು ತೆಗೆದಳು. ಆ ಹುಬ್ಬು ಮತ್ತೆ ಸಡಿಲಾಗಲು ಬಹಳ ಹೊತ್ತು ಹಿಡಿಯಿತು. ಅವನು ಚಮಚವನ್ನು ಫ್ಲಾಸ್ಕಿನ ಪಕ್ಕಕ್ಕಿಟ್ಟು ಗೋಡೆಗೆ ಒರಗಿದ.

"ಹಸಿವಾಗ್ತಿರತ್ತೇನೋ ಅಂತ..."

"ಯಾರಿಗೆ ಅಣ್ಣ?" ನರ್ಸ್ ಬೈಯಲಿಲ್ಲ. "ಅವರ ಒಳಗಿಳಿದು ನಾನೂ ನೋಡಿಲ್ಲ. ಆದ್ರೆ ನಳಿಕೆ ತೆಗೆದ ಮೇಲೆ ಅವರು ಮುಖ ಕಿವುಚಿದ್ದು ಇವತ್ತೇ ಮೊದಲು. ಇಂಥ ಹೊತ್ತಲ್ಲಿ ಮೈ ಊಟ ಕೇಳಲ್ಲ. ಬಾಯಿ ಒಣಗತ್ತೆ, ಅದೊಂದು ನೋಡ್ಕೊಂಡ್ರೆ ಸಾಕು." ಅವನ ಗುಳಿಬಿದ್ದ ಕೆನ್ನೆಯನ್ನೇ ದಿಟ್ಟಿಸಿದಳು. "ನೀವು ಊಟ ಮಾಡಿ ಎಷ್ಟು ದಿನ ಆಯ್ತು?"

ಅವನು ಹೆಂಡತಿಯ ಗಲ್ಲಕ್ಕೆ ಹರಿದಿದ್ದ ಸೂಪು ಒರೆಸತೊಡಗಿದ.

"ನೀವು ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕ್ಕೊಂಡು ಕೂತ್ಕೊಂಡು, ಆ ಉರೀನ ಅವರ ಮೇಲೆ ಹೊರಿಸ್ತಿದ್ದೀರ," ಎಂದವಳು ಬಟ್ಟಲಲ್ಲಿ ಒದ್ದೆ ಹತ್ತಿ ಇಟ್ಟುಹೋದಳು.

ಹತ್ತಿಯನ್ನು ಹಿಂಡಿ, ಅವಳ ತುಟಿಯ ಒಂದೊಂದು ಬಿರುಕಿಗೂ ತೇವ ಸವರಿದ. ನಾಲಿಗೆಯ ತುದಿ ಒದ್ದೆಯಾಯಿತು. ಮುಖ ಕದಲಲಿಲ್ಲ, ಉಸಿರು ತನ್ನಷ್ಟಕ್ಕೆ ಬರುತ್ತಿತ್ತು, ಹೋಗುತ್ತಿತ್ತು. ಅವಳಿಗೆ ಇನ್ನು ತಾನು ಬಡಿಸಬೇಕಾದದ್ದು ಏನೂ ಉಳಿದಿಲ್ಲ ಎಂದು ಗೊತ್ತಾದಾಗ, ನಳಿಕೆ ತೆಗೆದ ದಿನ ಬಾರದ ಅಳು ಬಂತು.

ಅತ್ತು ಮುಗಿದ ಮೇಲೆ ಉಳಿದ ಸೂಪನ್ನು ಮುಚ್ಚಳಕ್ಕೆ ಬಗ್ಗಿಸಿಕೊಂಡ. ಎಂದಿನಂತೆ ಮೊದಲ ಗುಟುಕು ಅವಳದಾಗಲೆಂದು ತುಸು ಹೊತ್ತು ಹಿಡಿದುಕೊಂಡೇ ಕೂತ. ಆಮೇಲೆ ತಾನೇ ಒಂದು ಗುಟುಕು ಕುಡಿದ.

ಉಪ್ಪು ಹಾಕುವುದನ್ನೇ ಮರೆತಿದ್ದ. ಮುಚ್ಚಳ ಕೈಯಲ್ಲಿ ಹಿಡಿದು, ಉಪ್ಪಿಲ್ಲ ಎಂದು ಅವಳೇ ಹೇಳಲೆಂದು, ಅವಳ ಕಡೆ ನೋಡಿದ.