ಕೆಂಪು ಬಾವುಟದ ತನಕ

ರಾತ್ರಿ ಒಂದೂವರೆಗೆ ಟಕ್ ಎಂದಿತು. ಕಲ್ಲಿಗೆ ಲಾಳ ತಗುಲಿದ ಸಣ್ಣ ಸದ್ದು. ಪಕ್ಕದ ಲಾಯದಲ್ಲಿ ನಾನು ಏರುವ ಕುದುರೆ ರಾಣಿ ಕಾಲು ಬದಲಿಸಿದ್ದಳು. ಅವಳಿಗೂ ನಿದ್ರೆ ಬಂದಿಲ್ಲ ಎಂದುಕೊಂಡೆ. ಬೆಳಗಾದರೆ ನಮಗೆ ಪರೀಕ್ಷೆ.

ಪರೀಕ್ಷೆ ಇಟ್ಟವರು ಗಣರಾಜ್ಯೋತ್ಸವ ಸಮಿತಿಯ ವಿಶ್ವನಾಥ. ಹೊನ್ನಾವರದ ಪಥಸಂಚಲನದಲ್ಲಿ ನಾವು ನಾಲ್ವರು ಹೆಂಗಸರು ಕುದುರೆಯ ಮೇಲೆ ಬರುತ್ತೇವೆ ಎಂದಾಗ ಅವರು ನಕ್ಕಿದ್ದರು.

"ಆತು, ಬನ್ನಿ. ತಾಲೀಮಿನ ದಿನ ಸಾಲು ಒಂದೇ ಒಂದ್ಸಲ ಮುರೀಲಿ, ಕುದುರೆಗೊಬ್ಬ ಗಂಡಸು ಹಗ್ಗ ಹಿಡೀತಾನೆ. ನೀವು ಗೊಂಬೆ ಹಂಗೆ ಕೂತ್ಕೊಳ್ಳಿ."

ಕುದುರೆಗಳು ಗಣಪಣ್ಣನವು. ಸೇನೆಯ ಕುದುರೆ ದಳದಿಂದ ನಿವೃತ್ತರಾಗಿ ಬಂದವರು, ಇಲ್ಲೇ ಪಕ್ಕದ ಕಾಸರಕೋಡಿನ ಕಡಲತೀರದ ಮರಳಿನಲ್ಲಿ ಪ್ರವಾಸಿಗರಿಗೆ ಸವಾರಿ ಮಾಡಿಸುತ್ತಾರೆ. ಕೆಂಪು ಬಾವುಟದ ತನಕ ಹೋಗುವುದು, ತಿರುಗಿ ಬರುವುದು. ಮೂರು ತಿಂಗಳು ಬೆಳಗಿನ ಜಾವ, ಬಾವುಟ ನೆಡುವ ಮೊದಲು, ನಮಗೆ ಕವಾಯತು ಕಲಿಸಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಅವರ ಮನೆಯಲ್ಲೇ ಉಳಿದಿದ್ದೆವು.

ಸಾಲು ಕಾಯುವುದು ಮೊಣಕಾಲು. ನನ್ನ ಮೊಣಕಾಲಿನ ಪಕ್ಕದಲ್ಲೇ ಮಾದೇವಿಯ ಮೊಣಕಾಲು ಇರಬೇಕು. ಸಾಲು ಎಡಕ್ಕೆ ಹೊರಳುವಾಗ ಎಡತುದಿಯ ಕುದುರೆ ನಿಂತಲ್ಲೇ ಹೆಜ್ಜೆ ಹಾಕುತ್ತದೆ, ಬಲತುದಿಯದು ದೊಡ್ಡ ಸುತ್ತನ್ನು ಓಡಿ ಮುಗಿಸುತ್ತದೆ. ಎಡತುದಿಗೆ ಗಣಪಣ್ಣ ನನ್ನನ್ನು ಹಾಕಿದ್ದರು.

"ಅವಸರದವ್ರು ಅಲ್ಲಿ ಆಗೂದಿಲ್ಲ. ಹೆದರ್ಕೊಂಡು ನಾಲ್ಕೂ ಕಡೆ ನೋಡ್ವವ್ರೇ ಬೇಕು. ಅಪ್ಪಣೆನೂ ನೀವೇ ಕೊಡಿ, ಅಕ್ಕೋರೇ."

ಕಾಲೇಜಿನಲ್ಲಿ ಪಾಠ ಮಾಡುವ ನನಗೆ ಅದು ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ.

ಬೆಳಿಗ್ಗೆ ಮೈದಾನದಲ್ಲಿ ವಿಶ್ವನಾಥರ ಹಿಂದೆ ನಾಲ್ವರು ಹಗ್ಗ ಹಿಡಿದೇ ನಿಂತಿದ್ದರು. ವೇದಿಕೆಯ ಮುಂದೆ ನಾನು, ಗಣಪಣ್ಣ ಕಲಿಸಿದ ಸೇನೆಯ ಹಿಂದಿಯಲ್ಲಿ, "ಬಾಯೇಂ ಘೂಮ್" ಎಂದೆ. ಸಾಲು ಬಾಗಿಲಿನಂತೆ ಎಡಕ್ಕೆ ಹೊರಳಿತು. ಬಲತುದಿಯ ಸವಾರಳು ಕಮಲಿ ಕುದುರೆ ಓಡಿಸಿಕೊಂಡು ಸರಿಯಾಗಿ ಬಂದು ಸೇರಿಕೊಂಡಳು. ಇನ್ನು ಮೈದಾನದ ಕೊನೆಯವರೆಗೆ ನೇರ ಹೋಗಿ ನಿಂತರೆ ಮುಗಿಯಿತು.

ಆಗ ರಾಣಿಯ ಕಿವಿ ನೆಟ್ಟಗಾಯಿತು.

ಮೂವತ್ತು ಹೆಜ್ಜೆ ಮುಂದೆ, ನಾವು ನಿಲ್ಲಬೇಕಾದ ಗೆರೆಯ ಹತ್ತಿರ, ಸಮಿತಿಯವರು ಗುರುತಿಗೆಂದು ಒಂದು ಬಾವುಟ ನೆಟ್ಟಿದ್ದರು. ಕೆಂಪು.

ಉಳಿದವರು ವೇದಿಕೆಯ ಗುಂಗಿನಲ್ಲೇ ಇದ್ದರು. ಕುದುರೆಗಳು ನೋಡಿದ್ದವು. ಅಲ್ಲಿ ಅವು ತಿರುಗಿಯೇ ತಿರುಗುತ್ತವೆ. ದಿನಕ್ಕೆ ಇಪ್ಪತ್ತು ಸಲ ಮಾಡುವ ಕೆಲಸ. ಲಗಾಮು ಜಗ್ಗಿದರೆ ಒಂದು ನಿಲ್ಲುತ್ತದೆ, ಮೂರು ತಿರುಗುತ್ತವೆ. ಸಾಲು ಮುರಿಯುತ್ತದೆ. ಹಗ್ಗ ಬರುತ್ತದೆ.

ರಾಣಿಯ ಕುತ್ತಿಗೆ ಎಡಕ್ಕೆ ವಾಲಿದ ಕ್ಷಣವೇ, ಜೀವಮಾನದಲ್ಲಿ ಕೂಗದಷ್ಟು ಜೋರಾಗಿ, ಹಿಂದಕ್ಕೆ ತಿರುಗುವ ಅಪ್ಪಣೆ ಕೂಗಿದೆ.

"ಪೀಛೇ ಮುಡ್!"

ನಾಲ್ಕೂ ಕುದುರೆಗಳು, ಮರಳಿನಲ್ಲಿ ತಿರುಗುವಂತೆಯೇ, ಎಡಕ್ಕೆ ಒಟ್ಟಿಗೆ ತಿರುಗಿದವು. ಈಗ ಎದುರಿಗೆ, ನಮ್ಮ ಹಿಂದೆಯೇ ಬರುತ್ತಿದ್ದ ವಿಶ್ವನಾಥರು ಮತ್ತು ಹಗ್ಗದವರು. ನಾನು ನಿಲ್ಲಿಸಲಿಲ್ಲ. ಮೊಣಕಾಲಿಗೆ ಮೊಣಕಾಲು ಸೇರಿಸಿಕೊಂಡು ನೇರ ಅವರ ಮೇಲೇ ನಡೆದೆವು. ಹತ್ತು ಹೆಜ್ಜೆ ಇರುವಾಗ ಒಬ್ಬ ಸರಿದ. ಐದಕ್ಕೆ ಎಲ್ಲರೂ. ವಿಶ್ವನಾಥರ ಅಂಗಿಯ ಗುಂಡಿಗೆ ರಾಣಿಯ ಉಸಿರು ತಾಗುವಾಗ "ಥಮ್" ಎಂದು ಸಾಲು ನಿಲ್ಲಿಸಿದೆ.

"ಇದು ಪಟ್ಟಿಲಿ ಇರ್ಲಿಲ್ಲ ಅಲ್ದಾ?" ಅವರ ದನಿ ಇಳಿದಿತ್ತು.

"ಇನ್ಮೇಲೆ ಇರ್ತದೆ."

"ಹಂಗಾರೆ ಈ ಹಗ್ಗ ಎಂತ ಮಾಡೂದು?"

ಮಾದೇವಿ ಪಕ್ಕದಿಂದಲೇ ಹೇಳಿದಳು, "ಮನೆಗೆ ತಕೊಂಡ್ಹೋಗಿ, ಬಟ್ಟೆ ಒಣ್ಸೂಕೆ ಆಗ್ತದೆ."

ಹಗ್ಗ ಹಿಡಿದವರೇ ಮೊದಲು ನಕ್ಕರು. ವಿಶ್ವನಾಥರು ಪಟ್ಟಿಯಲ್ಲಿ ಏನೋ ಗೀಚಿ, "ಆತು, ನೀವೇ ಬನ್ನಿ" ಎಂದರು.

ನೀರು ಕುಡಿಸುವಾಗ ಗಣಪಣ್ಣ ಹತ್ತಿರ ಬಂದರು. ದೂರದ ಬಾವುಟ ನೋಡಿದರು, ನನ್ನನ್ನು ನೋಡಿದರು.

"ಪೀಛೇ ಮುಡ್ ನಾ ಕಲ್ಸಿದ್ದೇ ಹೌದು. ಇಲ್ಲಿ ಮಾಡೂಕೆ ಹೇಳ್ಲಿಲ್ವಲ್ಲ, ಅಕ್ಕೋರೇ."

"ಮಾಡ್ಬೇಕು ಅನ್ಸ್ತು," ಎಂದೆ. "ಗಣಪಣ್ಣ, ಇಪ್ಪತ್ತಾರಕ್ಕೂ ಆ ಬಾವುಟ ಅಲ್ಲೇ ಇರ್ಲಿ. ಯಾರೂ ಕೀಳ್ಬಾರ್ದು."

ಅವರು ಮೀಸೆಯಲ್ಲೇ ನಕ್ಕು ಬಕೆಟ್ ಎತ್ತಿಕೊಂಡು ಹೋದರು. ಗೊತ್ತಾಗಿದ್ದರೆ ಆಗಿರಲಿ. ಮೊದಲು ತಿರುಗಹೊರಟಿದ್ದು ರಾಣಿ, ನನ್ನ ಅಪ್ಪಣೆ ಆಮೇಲಿನದು ಎಂದು ನಾನಾಗಿ ಅವರಿಗೂ ಹೇಳುವುದಿಲ್ಲ, ಮಾದೇವಿಗೂ ಹೇಳುವುದಿಲ್ಲ. ಯಾರಿಗೂ ಇಲ್ಲ.