ಭಾವ-ಮೈದುನರ ಕೊನೆಯ ಹಾಡು

ಹಳೆಯ ರೆಕಾರ್ಡಿಂಗ್ ಟೇಪಿಗೆ ವಯಸ್ಸಾದರೆ ಅದರ ಅಂಟು ಬೆವರತೊಡಗುತ್ತದೆ. ಹಾಗೇ ಯಂತ್ರಕ್ಕೆ ಹಾಕಿದರೆ ಸಂಗೀತವೆಲ್ಲ ಸುಲಿದು ಬರುತ್ತದೆ. ಅದಕ್ಕೇ ಮಗಳು ಆ ಸುರುಳಿಯನ್ನು ಹಣ್ಣು ಒಣಗಿಸುವ ಪೆಟ್ಟಿಗೆಯೊಳಗಿಟ್ಟು, ಬಾಣಂತಿಯನ್ನು ನೋಡಿಕೊಂಡಂತೆ ಬೆಚ್ಚಗೆ ನೋಡಿಕೊಳ್ಳುತ್ತಿದ್ದಳು. ಮನೆಯ ಹಿಂದಿನ ಕೋಣೆಯೇ ಅವಳ ಸ್ಟುಡಿಯೋ.

"ಏನೇ ಅದು ಬೇಯಿಸ್ತಿರೋದು?" ಅಮ್ಮ ಇಣುಕಿದಳು.

"ಅಪ್ಪ-ಮಾವನ ಜಗಳ."

"ಅದು ಆವತ್ತೇ ಸೀದು ಕರಕಲಾಗಿದೆ. ಇನ್ನೇನು ಬೇಯಿಸ್ತೀಯ?"

ಅಪ್ಪನದು ಕೀಬೋರ್ಡು, ಅಮ್ಮನ ತಮ್ಮನದು ಗಿಟಾರು. ಹರೆಯದಲ್ಲಿ ಇಬ್ಬರೂ ಸೇರಿ 'ನೆಲವಿಲ್ಲದ ನಕ್ಷೆ' ಎಂಬ ಆಲ್ಬಮ್ ಮಾಡಿದ್ದರು. ಪ್ರೊಗ್ರೆಸಿವ್ ರಾಕ್, ಅಂದರೆ ಹಾಡು ಬೇಗ ಮುಗಿದರೆ ಮರ್ಯಾದೆಗೆ ಕಡಿಮೆ ಎಂದು ನಂಬಿದ ಸಂಗೀತ. ಏಳರ ತಾಳ, ಮಿರಿಮಿರಿ ಅಂಗಿ, ಬರೆದವನಿಗೂ ಅರ್ಥವಾಗದ ಸಾಹಿತ್ಯ. ಕೊನೆಯ ಹಾಡಿನಲ್ಲಿ ಗಿಟಾರು-ಕೀಬೋರ್ಡುಗಳು ಜಿದ್ದಿಗೆ ಬಿದ್ದು ಏರುತ್ತ ಏರುತ್ತ, ಇನ್ನೇನು ತುದಿ ಮುಟ್ಟಬೇಕು ಅನ್ನುವಾಗ ಸದ್ದು ಮೆಲ್ಲಗೆ ಕರಗಿಹೋಗುತ್ತಿತ್ತು. ನಾಗರಿಕತೆಯ ಅಸ್ತಮಾನ ಎಂದು ವಿಮರ್ಶಕರು ಬರೆದರು.

ಮನೆಯಲ್ಲಿ ಬೇರೆಯೇ ವಿಮರ್ಶೆ ಚಾಲ್ತಿಯಲ್ಲಿತ್ತು. "ನಿನ್ನ ಮಾವನ ತಂತಿ ಹರೀತು, ಮುಚ್ಚಿಹಾಕಿದ್ರು," ಎಂದು ಅಪ್ಪ. "ನಿನ್ನಪ್ಪನಿಗೆ ಎಣಿಕೆ ತಪ್ಪಿತು, ಏಳು ಅಂದ್ರೆ ಎಂಟಕ್ಕೆ ಹೋದ," ಎಂದು ಮಾವ. ಮಾತಿಗೆ ಮಾತು ಬೆಳೆದು ಮಾತೇ ನಿಂತಿತು. ಅಂದಿನಿಂದ ಇಬ್ಬರೂ ಒಂದೇ ಸೋಫಾದ ಮೇಲೆ ಕೂತರೂ ವ್ಯವಹಾರವೆಲ್ಲ ಅಮ್ಮನ ಮೂಲಕ. "ಅಕ್ಕಾ, ನಿನ್ನ ಗಂಡ ಕೂತಿರೋದು ನನ್ನ ಕನ್ನಡಕದ ಮೇಲೆ ಅಂತ ಸ್ವಲ್ಪ ಹೇಳು."

ಈಗ ರೆಕಾರ್ಡ್ ಕಂಪನಿಯವರು ಆಲ್ಬಮ್ಮಿನ ಡಿಲಕ್ಸ್ ಆವೃತ್ತಿ ತರುತ್ತಿದ್ದರು. ಬಣ್ಣದ ಗ್ರಾಮಫೋನ್ ತಟ್ಟೆಗಳು, ಇಟ್ಟಿಗೆ ಗಾತ್ರದ ಪುಸ್ತಕ, ಜೊತೆಗೆ ಕೊನೆಯ ಹಾಡು ಕರಗಿಸದೆ, ಪೂರ್ತಿಯಾಗಿ. ಟೇಪು ಸಿದ್ಧಪಡಿಸುವ ಕೆಲಸ ಮಗಳ ಪಾಲಿಗೆ ಬಂದಿತ್ತು. ಸತ್ಯ ಹೊರಬೀಳುತ್ತದೆಂದು ಗಂಡಸರಿಬ್ಬರೂ ಮೀಸೆ ತಿರುವಿದರು. ಅವಳಿಗೆ ಮಾತ್ರ ಹೆದರಿಕೆ. ಯಾರು ಸೋತರೂ ಆ ಸೋಫಾದಲ್ಲಿ ಒಬ್ಬರು ಕಡಿಮೆಯಾಗುವುದು ಖಂಡಿತ.

ಸಂಜೆ ಅಪ್ಪ ಬಂದು, ಬೇಡದಿದ್ದರೂ ಕೇಬಲ್ಲುಗಳನ್ನು ಸುತ್ತತೊಡಗಿದ.

"ಅಲ್ಲಮ್ಮಾ, ಅಕಸ್ಮಾತ್ ನನ್ನ ಕಡೆಯಿಂದ ಏನಾದ್ರೂ... ಒಂಚೂರು ಕತ್ತರಿ ಆಡಿಸೋಕಾಗಲ್ವಾ?"

ಅವಳು ಬಾಯಿಬಿಡುವಷ್ಟರಲ್ಲಿ ಅಪ್ಪ ಮಾಯ. ಫೋನು ಹೊಡೆದುಕೊಂಡಿತು. ಮಾವ.

"ಪುಟ್ಟೀ, ತಂತಿ ಸದ್ದು ಕೇಳಿಸಿದ್ರೆ ಅದನ್ನ ಅಳಿಸೋಕೆ ಬರುತ್ತಲ್ಲ? ನಿನ್ನಪ್ಪನಿಗೆ ಹೇಳ್ಬೇಡ."

ಊರಿಗೆಲ್ಲ ಸಾರಿದ್ದು ಇನ್ನೊಬ್ಬನ ತಪ್ಪು, ಒಳಗೊಳಗೇ ಹೆದರಿದ್ದು ತನ್ನದಕ್ಕೆ! ಅವಳಿಗೆ ನಗು ಬಂತು, ಹಿಂದೆಯೇ ಇನ್ನಷ್ಟು ಭಯ. ಒಬ್ಬಳೇ ಕೇಳಿದರೆ ಕತ್ತರಿಯ ಆಸೆಯಾದೀತು ಎಂದು ಮರುದಿನ ಬೆಳಿಗ್ಗೆ ಇಬ್ಬರನ್ನೂ ಕರೆದು ಕೂರಿಸಿದಳು. ಇಬ್ಬರೂ ಎದುರುಬದುರು ಗೋಡೆಗಳನ್ನು ನೋಡುತ್ತ ಕೂತರು.

ಸುರುಳಿ ತಿರುಗಿತು. ರೆಕಾರ್ಡಿನಲ್ಲಿ ಕರಗುವ ಜಾಗ ಬಂತು, ದಾಟಿತು. ಗಿಟಾರು ಏರಿತು, ಕೀಬೋರ್ಡು ಅದನ್ನು ಅಟ್ಟಿಸಿಕೊಂಡು ಹೋಯಿತು. ತಂತಿ ಹರಿಯಲಿಲ್ಲ. ತಾಳ ತಪ್ಪಲಿಲ್ಲ. ಅಪ್ಪನ ಬೆರಳುಗಳು ಮೊಣಕಾಲ ಮೇಲೆ ಓಡುತ್ತಿದ್ದವು, ಮಾವನ ಎಡಗೈ ಗಾಳಿಯಲ್ಲೇ ತಂತಿ ಒತ್ತುತ್ತಿತ್ತು. ಇನ್ನೇನು ತುದಿ ಮುಟ್ಟಬೇಕು...

ಫಟ್. ಫಟ್ ಫಟ್ ಫಟ್. ಸುರುಳಿ ಖಾಲಿ ತಿರುಗುತ್ತ, ಟೇಪಿನ ಬಾಲ ಯಂತ್ರಕ್ಕೆ ಬಡಿಯತೊಡಗಿತು.

"ಏನಾಯ್ತು?" ಎಂದ ಅಪ್ಪ.

"ಟೇಪು ಮುಗೀತು," ಎಂದಳು ಮಗಳು. "ನೀವು ಮುಗಿಸ್ಲಿಲ್ಲ, ಅದೇ ಮುಗೀತು. ಕಣ್ಮುಚ್ಚಿಕೊಂಡು ನುಡಿಸ್ತಾ ಇದ್ರಿ, ಯಾರೂ ನೋಡಿಲ್ಲ."

"ಸುರುಳಿ ನೋಡ್ಕೋಬೇಕಾಗಿದ್ದೋನು ಆ ರೆಕಾರ್ಡಿಂಗ್ ಮಹಾರಾಯ," ಎಂದ ಮಾವ ನಿಧಾನವಾಗಿ. "ಯಾಕಯ್ಯಾ ಕರಗಿಸಿದೆ ಅಂತ ಕೇಳಿದ್ದಕ್ಕೆ, ನಿನ್ನ ಮಾನ ಉಳಿಸೋಕೇ, ಕೆದಕಬೇಡ ಅಂತ ನನಗಂದಿದ್ದ."

ಅಪ್ಪ ಗೋಡೆಯಿಂದ ತಿರುಗಿದ. "ನಿನಗೂ ಅಂದಿದ್ನಾ?"

"ಅಂದ್ರೆ ನಿಮಗೂನಾ, ಭಾವಾ?"

ಅಪ್ಪನ ಹೊಟ್ಟೆ ಮೊದಲು ಕುಲುಕಿತು, ನಗು ಆಮೇಲೆ ಬಂತು. ಮಾವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಮಗಳಿಗೆ ಬೆನ್ನ ಮೇಲಿಂದ ಯಾರೋ ಬೀರು ಇಳಿಸಿದಂತಾಯಿತು. ಯಂತ್ರ ನಿಲ್ಲಿಸಲು ಕೈ ಚಾಚಿದಳು.

"ತಾಳು, ನಿಲ್ಲಿಸ್ಬೇಡ," ಎಂದ ಅಪ್ಪ, ಬಾಲದ ಬಡಿತಕ್ಕೆ ಕಿವಿಗೊಟ್ಟು. "ಇದೂ ಏಳಕ್ಕೇ ಇದೆ."

"ಎಲ್ಲಿ ಭಾವಾ ಏಳು? ಐದು. ನಿಮ್ಮ ಎಣಿಕೆ ಯಾವತ್ತು ನೆಟ್ಟಗಿತ್ತು?"

"ನನ್ನ ಎಣಿಕೇನೋ? ಈಗ ತಾನೇ ಕೇಳಿದ್ಯಲ್ಲೋ ಕಿವುಡಾ!"

ಅಡುಗೆಮನೆಯಿಂದ ಅಮ್ಮನ ದನಿ ಬಂತು. "ಏನೇ ಅದು ಗಲಾಟೆ?"

"ಜಗಳ ಆಡ್ತಿದಾರಮ್ಮಾ."

"ನೇರವಾಗಾ?"

"ನೇರವಾಗೇ."

ಪಾತ್ರೆ ಒಲೆಗೆ ತಗುಲಿದ ಸದ್ದು. "ಸದ್ಯ, ನನಗಿನ್ನು ಆ ಕೆಲಸ ತಪ್ಪಿತು. ಚಹಾ ಇಡ್ತೀನಿ, ಆಡ್ಲಿ ಬಿಡು."